ಅಟ್ಟದ ಮೇಲಣ ಹಾರ್ಡ್ ಡಿಸ್ಕುಗಳು

ಠಾಣೆ, ಡೊಂಬಿವಲಿ, ಕಲ್ಯಾಣಗಳ ಕನ್ನಡ ಮನೆಗಳೊಳಗೆ ಗಣಕಯಂತ್ರವು ಪ್ರವೇಶಿಸಿ ಈಗ ಕಾಲು ಶತಮಾನಕ್ಕೂ ಹೆಚ್ಚು ಕಾಲ ಸಂದಿದೆ. ಉಡುಪಿ, ಮಂಗಳೂರು, ಕಾರವಾರ, ಧಾರವಾಡಗಳ ಕಡೆಯಿಂದ ಹೋಟೆಲು, ಬ್ಯಾಂಕು, ಕಾರ್ಖಾನೆಗಳ ಉದ್ಯೋಗವನ್ನರಸಿ ಬಂದು, ಮುಂಬಯಿಯ ಬಾಡಿಗೆಯನ್ನು ತಾಳಲಾರದೆ ರೈಲುಮಾರ್ಗವನ್ನೇ ಅನುಸರಿಸಿ ಈ ಊರುಗಳವರೆಗೆ ಸರಿದು ನೆಲೆಸಿದ ಹಿರಿಯರು, ಮಕ್ಕಳ ವಿದ್ಯಾಭ್ಯಾಸಕ್ಕೆಂದು ಕಂತಿನ ಮೇಲೆ ಕೊಂಡ ಆ ಮೊದಲ ಯಂತ್ರವು ಎಂದೋ ಭಂಗಾರದವನ ಪಾಲಾಗಿದ್ದರೂ, ಅದರ ಹೊಟ್ಟೆಯಿಂದ ಬಿಚ್ಚಿ ತೆಗೆದಿರಿಸಿದ ಹಾರ್ಡ್ ಡಿಸ್ಕು ಮಾತ್ರ ಹಳೆಯ ಬಟ್ಟೆಯಲ್ಲಿ ಸುತ್ತಲ್ಪಟ್ಟು ಅಟ್ಟದ ಮೇಲೆ ಉಳಿದಿರುವ ಮನೆಗಳು ಅನೇಕ. ಅಕ್ಕನ ಮದುವೆಯ ಚಿತ್ರಗಳು, ಈಗ ಇಲ್ಲದ ಅಜ್ಜಿಯ ಧ್ವನಿ, ಊರಿನ ಮೇಳದವರು ಬಂದು ಆಡಿದ ಯಕ್ಷಗಾನದ ಮುದ್ರಣ, ಕನ್ನಡ ಸಂಘದ ಸ್ಮರಣಸಂಚಿಕೆಗಾಗಿ ಬೆರಳಚ್ಚು ಮಾಡಿದ ಲೇಖನಗಳು, ಇವೆಲ್ಲವೂ ಆ ಲೋಹದ ಪೆಟ್ಟಿಗೆಯೊಳಗೆ ಇವೆಯೆಂಬುದನ್ನು ಮನೆಯವರು ಬಲ್ಲರು. ಆದರೆ ಈಗಿನ ಲ್ಯಾಪ್‌ಟಾಪಿನಲ್ಲಿ ಅದನ್ನು ಸೇರಿಸುವ ಕಿಂಡಿಯೇ ಕಾಣದಿರುವುದರಿಂದ, ಒಳಗಿನದೆಲ್ಲವೂ ನಷ್ಟವಾಯಿತೆಂದೇ ನಂಬಿ ಅದನ್ನೂ ಒಂದು ದಿನ ಎಸೆದುಬಿಡುತ್ತಾರೆ. ಈ ನಂಬಿಕೆಯು ಬಹುಮಟ್ಟಿಗೆ ತಪ್ಪು. ಅದನ್ನು ನಿವಾರಿಸುವುದೇ ಈ ಲೇಖನದ ಉದ್ದೇಶ.

ಡಿಸ್ಕಿನ ಪಿನ್ನುಗಳು ಗಣಕದ ಪೋರ್ಟಿನೊಳಗೆ ಸರಿಯಾಗಿ ಕೂರುವುವೇ ಎಂಬುದು ಒಂದು ಪ್ರಶ್ನೆ. ಕೂತ ಮೇಲೆ ಆ ತಂತಿಗಳ ಮುಖಾಂತರ ಡಿಸ್ಕೂ ಗಣಕವೂ ಒಂದೇ ಭಾಷೆಯಲ್ಲಿ ವ್ಯವಹರಿಸಬಲ್ಲವೇ ಎಂಬುದು ಬೇರೆಯೇ ಆದ ಇನ್ನೊಂದು ಪ್ರಶ್ನೆ. ಕಿಂಡಿ ಹೊಂದದಿದ್ದರೂ ಭಾಷೆ ಹೊಂದುವ ಸಂದರ್ಭಗಳಿವೆ. ಅಲ್ಲಿ ಒಂದು ಅಗ್ಗದ ಅಡಾಪ್ಟರಿನಿಂದ ಕಾರ್ಯವು ಸಿದ್ಧಿಸುತ್ತದೆ. ಕಿಂಡಿಯು ನಿರಾಯಾಸವಾಗಿ ಹೊಂದಿಯೂ ಭಾಷೆ ಹೊಂದದ ಸಂದರ್ಭಗಳೂ ಇವೆ. ಅಲ್ಲಿ ಹೊಸದಾಗಿ ಕೊಂಡ ವಸ್ತುವು ನಿರುಪಯುಕ್ತವಾಗುತ್ತದೆ. ಅಂಗಡಿಗಳಲ್ಲಿ ಜನರು ವ್ಯಯಿಸುವ ಹಣದಲ್ಲಿ ವ್ಯರ್ಥವಾಗತಕ್ಕ ಭಾಗವು ಪ್ರಾಯಶಃ ಈ ಎರಡು ಪ್ರಶ್ನೆಗಳನ್ನು ಒಂದೇ ಎಂದು ಭ್ರಮಿಸುವುದರಿಂದಲೇ ಉಂಟಾಗುತ್ತದೆ.

1956ರಲ್ಲಿ ಐಬಿಎಂ ಸಂಸ್ಥೆಯು ರಚಿಸಿದ ಮೊದಲ ಡಿಸ್ಕ್ ಘಟಕದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದು, ಅವುಗಳಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು ಮಾತ್ರ. 1980ರಲ್ಲಿ ಸೀಗೇಟ್ ಸಂಸ್ಥೆಯ ಎಸ್‌ಟಿ-506 ಎಂಬ 5 ಮೆಗಾಬೈಟಿನ ಡಿಸ್ಕು ಮೇಜಿನ ಮೇಲಣ ಗಣಕಗಳಿಗೆ ಒದಗಿಬಂದಾಗ ಗಾತ್ರವು ಅತಿಶಯವಾಗಿ ಕುಗ್ಗಿತ್ತಾದರೂ, ಡಿಸ್ಕಿಗೆ ಸ್ವಂತ ಬುದ್ಧಿಯೆಂಬುದು ಇನ್ನೂ ಇರಲಿಲ್ಲ. ಓದುವ ತಲೆಯನ್ನು ಎಷ್ಟು ಹೆಜ್ಜೆ ಸರಿಸಬೇಕು, ತಟ್ಟೆಯಿಂದೇಳುವ ಸೂಕ್ಷ್ಮ ಸ್ಪಂದನಗಳಲ್ಲಿ ಯಾವುದು ಸೊನ್ನೆ, ಯಾವುದು ಒಂದು ಎಂಬುದನ್ನೆಲ್ಲ ನಿರ್ಣಯಿಸುವ ನಿಯಂತ್ರಕವು ಗಣಕದೊಳಗಿನ ಪ್ರತ್ಯೇಕ ಕಾರ್ಡಿನಲ್ಲಿತ್ತು. ಆ ಕಾರ್ಡನ್ನು ಬದಲಿಸಿದರೆ ಅನೇಕ ವೇಳೆ ಡಿಸ್ಕನ್ನು ಬುಡದಿಂದ ಹೊಸದಾಗಿ ಫಾರ್ಮ್ಯಾಟ್ ಮಾಡಬೇಕಾಗುತ್ತಿತ್ತು. ಅರ್ಥಾತ್ ಹಳೆಯ ಬರಹವು ಅಳಿಯುತ್ತಿತ್ತು.

1986ರ ಸುಮಾರಿಗೆ ವೆಸ್ಟರ್ನ್ ಡಿಜಿಟಲ್, ಕಾಂಪ್ಯಾಕ್, ಕಂಟ್ರೋಲ್ ಡಾಟಾ ಎಂಬ ಮೂರು ಸಂಸ್ಥೆಗಳು ಕೂಡಿ ಆ ನಿಯಂತ್ರಕವನ್ನು ಕಾರ್ಡಿನಿಂದ ಕಿತ್ತು ಡಿಸ್ಕಿನ ಮೈಮೇಲೆಯೇ ಕೂರಿಸಿದುವು. ಐಡಿಇ ಎಂದು ಪ್ರಸಿದ್ಧವಾದ ಸಂಪರ್ಕವ್ಯವಸ್ಥೆ ಇದೇ. ಇದರ ಮಹತ್ವವನ್ನು ಎಷ್ಟು ಒತ್ತಿ ಹೇಳಿದರೂ ಅತಿಯಾಗದು. ಅಂದಿನಿಂದ ಗಣಕವು ಡಿಸ್ಕಿನ ಅಂತರಂಗದ ಗೊಡವೆಗೆ ಹೋಗದೆ, ಇಂತಿಷ್ಟನೆಯ ಖಂಡದಲ್ಲಿರುವುದನ್ನು ಕೊಡು ಎಂದು ಕೇಳುವುದನ್ನಷ್ಟೇ ಕಲಿಯಿತು; ಆ ಖಂಡವು ಯಾವ ತಟ್ಟೆಯ ಯಾವ ವೃತ್ತದಲ್ಲಿದೆ ಎಂಬುದನ್ನು ಹುಡುಕುವ ಹೊಣೆಯು ಡಿಸ್ಕಿನದಾಯಿತು. ಕೇಳುವ ರೀತಿಯು ಹೀಗೆ ಸರಳವಾದುದರಿಂದಲೇ, ಇಪ್ಪತ್ತೈದು ವರ್ಷಗಳ ಹಿಂದಿನ ಡಿಸ್ಕಿಗೂ ಇಂದಿನ ಯುಎಸ್‌ಬಿ ಕಿಂಡಿಗೂ ನಡುವೆ ನಿಂತು ಈ ಕಡೆಯ ಪ್ರಶ್ನೆಯನ್ನು ಆ ಕಡೆಯ ಭಾಷೆಗೆ ತಿರುಗಿಸಿ ಹೇಳಬಲ್ಲ ಒಂದು ಚಿಕ್ಕ ಚಿಪ್ಪನ್ನು ನಿರ್ಮಿಸುವುದು ಸಾಧ್ಯವಾಗಿದೆ. ಅಟ್ಟದ ಮೇಲಿನ ಡಿಸ್ಕುಗಳ ವಿಷಯದಲ್ಲಿ ನಮಗೆ ಇರತಕ್ಕ ಆಶೆಗೆಲ್ಲ ಆಧಾರವು ಇಲ್ಲಿದೆ.

ನಿಮ್ಮ ಡಿಸ್ಕಿನ ಹಿಂಬದಿಯಲ್ಲಿ ಎರಡು ಸಾಲಾಗಿ ಸೂಜಿಯಂಥ ಪಿನ್ನುಗಳಿದ್ದು, ಪಕ್ಕದಲ್ಲಿ ನಾಲ್ಕು ದಪ್ಪ ಪಿನ್ನುಗಳ ವಿದ್ಯುತ್ ಕಿಂಡಿಯಿದ್ದರೆ ಅದು ಐಡಿಇ ಎಂದು ತಿಳಿಯತಕ್ಕದ್ದು. ಎರಡು ಸಾಲುಗಳಲ್ಲಿ ಒಟ್ಟು 40 ಪಿನ್ನುಗಳಿಗೆ ಸ್ಥಳವಿದೆ. ಕೇಬಲನ್ನು ತಲೆಕೆಳಗಾಗಿ ಚುಚ್ಚದಿರಲೆಂದು 20ನೆಯದನ್ನು ಸಾಮಾನ್ಯವಾಗಿ ಖಾಲಿ ಬಿಟ್ಟಿರುತ್ತಾರೆ. ಚಪ್ಪಟೆಯಾದ ಅಗಲ ಕೇಬಲಿನ ಅಂಚಿನ ಕೆಂಪು ಗೆರೆಯು ಮೊದಲನೆಯ ಪಿನ್ನಿನ ಗುರುತು. ಒಂದೇ ಕೇಬಲಿಗೆ ಎರಡು ಡಿಸ್ಕುಗಳನ್ನು ಜೋಡಿಸಬಹುದಾಗಿದ್ದ ಕಾರಣ, ಯಾವುದು ಮಾಸ್ಟರ್, ಯಾವುದು ಸ್ಲೇವ್ ಎಂಬುದನ್ನು ಜಂಪರ್ ಎಂಬ ಪುಟ್ಟ ಟೊಪ್ಪಿಗೆಯಿಂದ ಸೂಚಿಸಬೇಕಿತ್ತು. ಈಗ ಅಡಾಪ್ಟರಿಗೆ ಜೋಡಿಸುವಾಗ ಡಿಸ್ಕು ಕಾಣಿಸಿಕೊಳ್ಳದಿದ್ದರೆ ಮೊದಲು ಪರೀಕ್ಷಿಸಬೇಕಾದುದು ಈ ಜಂಪರನ್ನೇ. ಡಿಸ್ಕಿನ ಮೇಲಿನ ಚೀಟಿಯಲ್ಲಿರುವ ಚಿತ್ರವನ್ನು ನೋಡಿ ಅದನ್ನು ಮಾಸ್ಟರ್ ಸ್ಥಾನದಲ್ಲಿರಿಸಿದರೆ ಬಹುತೇಕ ಪ್ರಕರಣಗಳಲ್ಲಿ ತೊಡಕು ನಿವಾರಣೆಯಾಗುತ್ತದೆ. ಹಳೆಯ ಲ್ಯಾಪ್‌ಟಾಪುಗಳ 2.5 ಅಂಗುಲದ ಡಿಸ್ಕುಗಳಲ್ಲಿ ಇದೇ ಭಾಷೆಯಿದ್ದರೂ ಪಿನ್ನುಗಳು ಕಿರಿದು, ಸಂಖ್ಯೆ 44. ವಿದ್ಯುತ್ತು ಸಹ ಅದೇ ಸಾಲಿನಿಂದ ಹರಿಯುತ್ತದೆ.

ಐಡಿಇ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರುಗಳು ಡೊಂಬಿವಲಿ, ಠಾಣೆಗಳ ಗಣಕದಂಗಡಿಗಳಲ್ಲಿ ದೊರೆಯದಿದ್ದರೆ ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ವಿಚಾರಿಸಬಹುದು. ಕೊಳ್ಳುವಾಗ ವಿದ್ಯುತ್ತಿನ ಸಂಗತಿಯನ್ನು ಮರೆಯಲಾಗದು. 2.5 ಅಂಗುಲದ ಡಿಸ್ಕು 5 ವೋಲ್ಟಿನಿಂದ ತಿರುಗುವುದರಿಂದ ಯುಎಸ್‌ಬಿ ಕಿಂಡಿಯ ವಿದ್ಯುತ್ತೇ ಸಾಮಾನ್ಯವಾಗಿ ಸಾಕಾಗುತ್ತದೆ. ಮೇಜಿನ ಗಣಕದ 3.5 ಅಂಗುಲದ ಡಿಸ್ಕಿಗಾದರೋ 12 ವೋಲ್ಟು ಸಹ ಬೇಕಾದುದರಿಂದ ಗೋಡೆಗೆ ಚುಚ್ಚುವ ಪ್ರತ್ಯೇಕ ಅಡಾಪ್ಟರು ಇರಲೇಬೇಕು. ಅದಿಲ್ಲದೆ ಬರಿಯ ಯುಎಸ್‌ಬಿ ಕೇಬಲಿಗೆ ಜೋಡಿಸಿ, ತಟ್ಟೆಯು ತಿರುಗದಿದ್ದುದನ್ನು ಕಂಡು ಡಿಸ್ಕು ಸತ್ತಿತೆಂದು ತೀರ್ಮಾನಿಸುವುದು ಬಹಳ ಮನೆಗಳಲ್ಲಿ ನಡೆಯುವ ಪ್ರಮಾದ.

ಈ ಪ್ರಾಂತದ ಓದುಗರಿಗೆ ಇನ್ನೊಂದು ಮಾತನ್ನು ಹೇಳದೆ ಮುಂದುವರಿಯುವುದು ಉಚಿತವಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿದುದನ್ನು ಎಲ್ಲರೂ ಸ್ಮರಿಸುತ್ತಾರೆ. ಅದೇ ಮಳೆಯಲ್ಲಿ ಉಲ್ಹಾಸ ನದಿಯು ಉಕ್ಕಿ ಬದಲಾಪುರ, ಉಲ್ಹಾಸನಗರ, ಕಲ್ಯಾಣಗಳ ತಗ್ಗು ಪ್ರದೇಶಗಳನ್ನು ಮುಳುಗಿಸಿದುದನ್ನು ಹೊರಗಿನವರು ಅಷ್ಟಾಗಿ ಸ್ಮರಿಸುವುದಿಲ್ಲ. ಹಾರ್ಡ್ ಡಿಸ್ಕು ನೋಡುವುದಕ್ಕೆ ಭದ್ರವಾಗಿ ಮುಚ್ಚಿದಂತಿದ್ದರೂ, ಒಳಗಿನ ಹಾಗೂ ಹೊರಗಿನ ವಾಯುವಿನ ಒತ್ತಡವು ಸಮನಾಗಿರಲೆಂದು ಅದರ ಮುಚ್ಚಳದಲ್ಲಿ ಶೋಧಕವನ್ನೊಳಗೊಂಡ ಒಂದು ಸೂಕ್ಷ್ಮ ರಂಧ್ರವಿರುತ್ತದೆ. 2013ರಿಂದೀಚೆಗೆ ಬಂದ ಹೀಲಿಯಂ ತುಂಬಿದ ಡಿಸ್ಕುಗಳು ಮಾತ್ರ ಇದಕ್ಕೆ ಅಪವಾದ. ಪ್ರವಾಹದ ನೀರು ಆ ರಂಧ್ರದಿಂದ ಒಳಸೇರಬಲ್ಲುದು. ಓದುವ ತಲೆಯು ತಟ್ಟೆಯಿಂದ ಕೆಲವೇ ನ್ಯಾನೋಮೀಟರುಗಳ ಎತ್ತರದಲ್ಲಿ ತೇಲತಕ್ಕದ್ದಾದ್ದರಿಂದ, ನೆನೆದ ಡಿಸ್ಕಿಗೆ ಒಮ್ಮೆ ವಿದ್ಯುತ್ ಕೊಟ್ಟರೂ ತಟ್ಟೆಯ ಮೇಲ್ಮೈಯು ಕೆರೆದು ಹೋಗುವ ಅಪಾಯವಿದೆ. ಬಿಸಿಲಿನಲ್ಲಿಟ್ಟು ಒಣಗಿಸುವುದು ಇನ್ನೂ ಹಾನಿಕರ; ನೀರು ಆವಿಯಾದರೂ ಅದರಲ್ಲಿದ್ದ ಮಣ್ಣೂ ಲವಣವೂ ತಟ್ಟೆಗೆ ಅಂಟಿಕೊಳ್ಳುತ್ತವೆ. ತೇವದೊಡನೆಯೇ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಮಾಹಿತಿಯನ್ನು ಮರಳಿ ಪಡೆಯುವ ಪ್ರಯೋಗಾಲಯಕ್ಕೆ ಆದಷ್ಟು ಬೇಗ ಒಪ್ಪಿಸುವುದೇ ಯುಕ್ತವಾದ ಮಾರ್ಗ. ಅದೇ ಮಾದರಿಯ ಇನ್ನೊಂದು ಡಿಸ್ಕಿನ ಹಸಿರು ಬೋರ್ಡನ್ನು ತೆಗೆದು ಜೋಡಿಸಿದರೆ ಸಾಕೆಂಬ ಸಲಹೆಯು ಒಂದಾನೊಂದು ಕಾಲಕ್ಕೆ ಸತ್ಯವಾಗಿದ್ದಿತು. ಈಗಿನ ಡಿಸ್ಕುಗಳಲ್ಲಿ ಆಯಾ ಡಿಸ್ಕಿಗೆ ಮಾತ್ರ ಸಂಬಂಧಿಸಿದ ಅಳತೆಗಳನ್ನು ಬೋರ್ಡಿನ ಮೇಲಣ ಚಿಪ್ಪಿನಲ್ಲಿ ಬರೆದಿರುವುದರಿಂದ, ಆ ಚಿಪ್ಪನ್ನೂ ಸ್ಥಳಾಂತರಿಸದೆ ಬೋರ್ಡನ್ನಷ್ಟೇ ಬದಲಿಸಿದರೆ ಪ್ರಯೋಜನವಾಗದು.

ಐಡಿಇಯ ವೇಗವು ಸೆಕೆಂಡಿಗೆ 33 ಮೆಗಾಬೈಟಿನಿಂದ 66ಕ್ಕೂ, 100ಕ್ಕೂ, ಕಡೆಗೆ 133ಕ್ಕೂ ಏರಿತು. ಆದರೆ ಅನೇಕ ತಂತಿಗಳಲ್ಲಿ ಸಮಾನಾಂತರವಾಗಿ ಹೊರಟ ಸಂಕೇತಗಳು ಪರಸ್ಪರ ಸೋಂಕಿ ಕೆಡುವುದನ್ನೂ, ಒಂದು ಮುಂಚೆ ಒಂದು ತಡವಾಗಿ ತಲಪುವುದನ್ನೂ ತಡೆಯುವುದು ವೇಗವು ಹೆಚ್ಚಿದಂತೆ ದುಸ್ಸಾಧ್ಯವಾಯಿತು. 66ರ ವೇಗಕ್ಕಾಗಿ ನಡುನಡುವೆ ರಕ್ಷಕ ತಂತಿಗಳನ್ನು ಹಾಯಿಸಿ 80 ತಂತಿಗಳ ಕೇಬಲನ್ನು ಮಾಡಿದುದೂ ಈ ಕಾರಣದಿಂದಲೇ. ಆಗ ತಜ್ಞರು ದಾರಿಯನ್ನೇ ಬದಲಿಸಿದರು: ಬಹು ತಂತಿಗಳಲ್ಲಿ ಒಟ್ಟಿಗೆ ಕಳುಹಿಸುವುದಕ್ಕಿಂತ, ಒಂದೊಂದು ದಿಕ್ಕಿಗೆ ಒಂದೊಂದು ಜೋಡಿ ತಂತಿಯಲ್ಲಿ ಒಂದರ ಹಿಂದೊಂದಾಗಿ ಅತಿವೇಗದಿಂದ ಕಳುಹಿಸುವುದು ಲೇಸೆಂದು ಕಂಡಿತು. 2003ರಲ್ಲಿ ಬಂದ ಸಾಟಾ ಈ ತತ್ತ್ವದ ಫಲ. ದತ್ತಾಂಶಕ್ಕೆ 7 ಪಿನ್ನು, ವಿದ್ಯುತ್ತಿಗೆ 15. ಎರಡೂ ಚಪ್ಪಟೆಯಾದ, ತುದಿಯಲ್ಲಿ ಮೊಣಕೈಯಂತೆ ಬಾಗಿದ ಕಿಂಡಿಗಳು. ಒಂದು ಕೇಬಲಿಗೆ ಒಂದೇ ಡಿಸ್ಕು. ಆದ್ದರಿಂದ ಮಾಸ್ಟರ್, ಸ್ಲೇವ್ ಎಂಬ ಗೊಂದಲವೂ ಅಲ್ಲಿಗೆ ಮುಗಿಯಿತು. 1.5 ಗಿಗಾಬಿಟ್ಟಿನಿಂದ 3ಕ್ಕೆ, ಅನಂತರ 2009ರಲ್ಲಿ 6ಕ್ಕೆ ಏರಿದ ಇದರ ಮೂರು ತಲೆಮಾರುಗಳೂ ಒಂದೇ ಆಕಾರದ ಕಿಂಡಿಯನ್ನು ಉಳಿಸಿಕೊಂಡು, ಎರಡು ಕಡೆಗಳಲ್ಲಿ ನಿಧಾನವಾದುದರ ವೇಗಕ್ಕೆ ತಾವಾಗಿ ಒಪ್ಪಿಕೊಳ್ಳುತ್ತವೆ. ಮೊದಲ ತಲೆಮಾರಿನ ಕೆಲವು ಮದರ್‌ಬೋರ್ಡುಗಳಲ್ಲಿ ಈ ಒಪ್ಪಂದವು ನಡೆಯದೆ ಡಿಸ್ಕಿನ ಜಂಪರಿನಿಂದ ವೇಗವನ್ನು ತಗ್ಗಿಸಬೇಕಾಗುತ್ತಿದ್ದುದನ್ನು ಬಿಟ್ಟರೆ, ಹೊಂದಾಣಿಕೆಯ ದೃಷ್ಟಿಯಿಂದ ಗಣಕಪ್ರಪಂಚದಲ್ಲಿ ಇಷ್ಟು ಸಜ್ಜನಿಕೆಯ ವ್ಯವಸ್ಥೆಗಳು ವಿರಳ.

ಹತ್ತು ಹದಿನೈದು ವರ್ಷದ ಲ್ಯಾಪ್‌ಟಾಪನ್ನು ಎಸೆಯಬೇಕೆಂದು ಯೋಚಿಸುತ್ತಿರುವ ವಿದ್ಯಾರ್ಥಿಗಳ ತಂದೆತಾಯಂದಿರು ಇಲ್ಲಿ ಸ್ವಲ್ಪ ಗಮನವಿಡಬೇಕೆಂದು ಪ್ರಾರ್ಥಿಸುತ್ತೇನೆ. ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ 11 ಮಿಲಿಸೆಕೆಂಡು ಬೇಕು. ಬೇಕಾದ ಖಂಡವು ತಲೆಯ ಕೆಳಗೆ ಬರುವುದಕ್ಕೆ ಸರಾಸರಿಯಲ್ಲಿ ಅದರ ಅರ್ಧ ಕಾಲ ಕಾಯಬೇಕು. ತಲೆಯನ್ನು ಸರಿಸುವ ಕಾಲ ಬೇರೆ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯಲ್ಲಿ ಈ ನಿರೀಕ್ಷಣೆಯು ಸುಮಾರು 0.1 ಮಿಲಿಸೆಕೆಂಡಿಗೆ ಇಳಿಯುತ್ತದೆ. ಆದುದರಿಂದ ಹಳೆಯ ಲ್ಯಾಪ್‌ಟಾಪಿನ ಕಿಂಡಿಯು 3 ಗಿಗಾಬಿಟ್ಟಿನದೇ ಆಗಿದ್ದರೂ, 6 ಗಿಗಾಬಿಟ್ಟಿನ 2.5 ಅಂಗುಲದ ಸಾಟಾ ಎಸ್‌ಎಸ್‌ಡಿಯನ್ನು ಅಲ್ಲಿ ಕೂರಿಸಿದ ಮಾತ್ರಕ್ಕೆ ಯಂತ್ರವು ಹೊಸ ಜೀವವನ್ನು ತಾಳುತ್ತದೆ. ಹಳೆಯ ಡಿಸ್ಕು 9.5 ಮಿಲಿಮೀಟರ್ ದಪ್ಪವಿದ್ದು ಹೊಸದು 7 ಮಿಲಿಮೀಟರ್ ಇದ್ದರೆ ನಡುವೆ ಒಂದು ಪ್ಲಾಸ್ಟಿಕ್ ಚೌಕಟ್ಟನ್ನಿರಿಸುತ್ತಾರೆ, ಅಷ್ಟೆ. ಯಂತ್ರವು ಆರಂಭವಾಗುವಾಗ ತೆರೆಯಬಹುದಾದ ಬಯಾಸ್ ಪರದೆಯಲ್ಲಿ ಐಡಿಇ ಅಥವಾ ಎಎಚ್‌ಸಿಐ ಎಂಬ ಆಯ್ಕೆಯಿದ್ದರೆ ಹೊಸ ಡಿಸ್ಕಿನಲ್ಲಿ ವಿಂಡೋಸನ್ನು ಸ್ಥಾಪಿಸುವ ಮೊದಲೇ ಎಎಚ್‌ಸಿಐಯನ್ನು ಆರಿಸಿಕೊಳ್ಳತಕ್ಕದ್ದು. ಸ್ಥಾಪಿಸಿದ ಮೇಲೆ ಬದಲಿಸಿದರೆ ಯಂತ್ರವು ಆರಂಭವಾಗದೆ ನೀಲಿ ಪರದೆಯಲ್ಲಿ ನಿಂತುಬಿಡಬಹುದು.

ಐಡಿಇ, ಸಾಟಾಗಳಲ್ಲಿ ಆಕಾರವನ್ನು ಕಂಡರೆ ಭಾಷೆಯು ತಿಳಿಯುತ್ತಿತ್ತು. ಚೂಯಿಂಗ್ ಗಮ್ಮಿನ ಪಟ್ಟಿಯಷ್ಟೇ ಇರುವ ಎಂ.2 ಎಂಬ ಹೊಸ ರೂಪದಲ್ಲಿ ಈ ಸೌಕರ್ಯವು ತಪ್ಪಿಹೋಗಿದೆ, ಏಕೆಂದರೆ ಒಂದೇ ಕಿಂಡಿಯಲ್ಲಿ ಎರಡು ಭಾಷೆಗಳು ಸಂಚರಿಸುತ್ತವೆ. ಠಾಣೆಯ ಜನರಿಗೆ ಇದನ್ನು ರೈಲಿನ ನಿದರ್ಶನದಿಂದ ವಿವರಿಸುವುದು ಸುಲಭ. 1925ರ ಫೆಬ್ರವರಿ 3ರಂದು ಬೋರಿಬಂದರಿನಿಂದ ಕುರ್ಲಾಕ್ಕೆ ಮೊದಲ ವಿದ್ಯುತ್ ರೈಲು ಹೊರಟಂದಿನಿಂದ ಮಧ್ಯ ರೈಲ್ವೆಯ ಲೋಕಲ್‌ಗಳು 1500 ವೋಲ್ಟಿನ ನೇರ ವಿದ್ಯುತ್ತಿನಿಂದ ಓಡುತ್ತಿದ್ದುವು. ಅದನ್ನು 25,000 ವೋಲ್ಟಿನ ಪರ್ಯಾಯ ವಿದ್ಯುತ್ತಿಗೆ ಪರಿವರ್ತಿಸುವ ಕಾರ್ಯವು ಭಾಗಭಾಗವಾಗಿ ನಡೆದು 2016ರಲ್ಲಿ ಪೂರ್ತಿಯಾಯಿತು. ಹಳಿಗಳ ಅಂತರ ಬದಲಾಗಲಿಲ್ಲ, ಪ್ಲಾಟ್‌ಫಾರ್ಮುಗಳು ಬದಲಾಗಲಿಲ್ಲ, ಮೇಲಣ ತಂತಿಯೂ ದಿನನಿತ್ಯದ ಪ್ರಯಾಣಿಕನ ಕಣ್ಣಿಗೆ ಅದೇ ತಂತಿ. ಆದರೂ ನೇರ ವಿದ್ಯುತ್ತಿಗೆಂದೇ ನಿರ್ಮಿತವಾದ ಹಳೆಯ ರೇಕು ಪರಿವರ್ತಿತ ಮಾರ್ಗದಲ್ಲಿ ಓಡುವುದು ಅಸಾಧ್ಯವಾಗಿದ್ದು, ಎರಡನ್ನೂ ಬಲ್ಲ ರೇಕುಗಳನ್ನು ಓಡಿಸಿ ಆ ಸಂಧಿಕಾಲವನ್ನು ದಾಟಬೇಕಾಯಿತು. ಎಂ.2 ಕಿಂಡಿಯ ಸ್ಥಿತಿಯೂ ಹೀಗೆಯೇ. ಅದರಲ್ಲಿ ಹರಿಯುವುದು ಸಾಟಾ ಸಂಕೇತವಾಗಿರಬಹುದು, ಪಿಸಿಐ ಎಕ್ಸ್‌ಪ್ರೆಸ್ ಮಾರ್ಗದ ಮೇಲೆ ನಡೆಯುವ ಎನ್‌ವಿಎಂಇ ಆಗಿರಬಹುದು, ಅಥವಾ ಕಿಂಡಿಯು ಎರಡನ್ನೂ ಬಲ್ಲುದಾಗಿರಬಹುದು.

2011ರಲ್ಲಿ ಪ್ರಕಟವಾದ ಎನ್‌ವಿಎಂಇ ವಿಧಾನವು ತಿರುಗುವ ತಟ್ಟೆಯ ಮಿತಿಗಳನ್ನು ಮರೆತು ಎಸ್‌ಎಸ್‌ಡಿಗಾಗಿಯೇ ರಚಿತವಾದುದು. ಸಾಟಾದ ಎಎಚ್‌ಸಿಐ ವಿಧಾನದಲ್ಲಿ ಆಜ್ಞೆಗಳ ಸರದಿಯು ಒಂದೇ, ಅದರಲ್ಲಿ 32 ಆಜ್ಞೆಗಳಿಗೆ ಮಾತ್ರ ಎಡೆ. ಎನ್‌ವಿಎಂಇಯಲ್ಲಿ ಅಂಥ ಸರದಿಗಳು 65 ಸಾವಿರದವರೆಗೂ, ಒಂದೊಂದರಲ್ಲಿ ಆಜ್ಞೆಗಳು 65 ಸಾವಿರದವರೆಗೂ ಇರಬಹುದು. ಸಾಟಾ ಪಟ್ಟಿಯು ಸೆಕೆಂಡಿಗೆ ಸುಮಾರು 550 ಮೆಗಾಬೈಟಿನಲ್ಲಿ ನಿಂತರೆ, ಮೂರನೆಯ ತಲೆಮಾರಿನ ಪಿಸಿಐ ಎಕ್ಸ್‌ಪ್ರೆಸ್ಸಿನ ನಾಲ್ಕು ಹಾದಿಗಳಲ್ಲಿ 3,500 ಮೆಗಾಬೈಟಿನಷ್ಟು ಸಾಗುವ ಪಟ್ಟಿಗಳುಂಟು. ಕೊಳ್ಳುವವರು ಪಟ್ಟಿಯ ಅಂಚಿನ ಕಚ್ಚುಗಳನ್ನು ಗಮನಿಸಲಿ. ಒಂದೇ ಕಚ್ಚು ಇದ್ದರೆ ಅದು ಸಾಮಾನ್ಯವಾಗಿ ಎನ್‌ವಿಎಂಇ. ಎರಡಿದ್ದರೆ ಬಹುಮಟ್ಟಿಗೆ ಸಾಟಾ. ಈ ಲಕ್ಷಣಕ್ಕೆ ಅಪವಾದಗಳಿರುವುದರಿಂದ ಚೀಟಿಯನ್ನು ಓದದೆ ಕೊಳ್ಳಲಾಗದು. ಎರಡು ಕಚ್ಚಿನ ಸಾಟಾ ಪಟ್ಟಿಯು ಎನ್‌ವಿಎಂಇಗೆ ಮಾತ್ರ ಮೀಸಲಾದ ಕಿಂಡಿಯಲ್ಲಿ ಕಿಂಚಿತ್ತೂ ತಡೆಯಿಲ್ಲದೆ ಕೂತು, ಸ್ಕ್ರೂ ಬಿಗಿಸಿದ ಮೇಲೂ ಗಣಕಕ್ಕೆ ಕಾಣಿಸದೆ ಉಳಿಯುತ್ತದೆ. ಅದು ಕೆಟ್ಟಿರುವುದಿಲ್ಲ, ಮರಳಿ ಕೊಟ್ಟು ಇನ್ನೊಂದನ್ನು ತಂದರೆ ಸರಿಹೋಗುತ್ತದೆ. ಪಟ್ಟಿಯನ್ನು ಯುಎಸ್‌ಬಿ ಪೆಟ್ಟಿಗೆಯಲ್ಲಿಟ್ಟು ಬಳಸುವವರಿಗೂ ಇದೇ ನಿಯಮ. ಉದ್ದದ ಲೆಕ್ಕವು ಹೆಸರಿನಲ್ಲೇ ಇದೆ: 2280 ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಕೆಲವು ಮದರ್‌ಬೋರ್ಡುಗಳಲ್ಲಿ ಎಂ.2 ಕಿಂಡಿಯನ್ನು ತುಂಬಿದೊಡನೆ ಒಂದೆರಡು ಸಾಟಾ ಪೋರ್ಟುಗಳು ನಿಷ್ಕ್ರಿಯವಾಗುತ್ತವೆ. ನಿನ್ನೆಯವರೆಗೆ ಕಾಣುತ್ತಿದ್ದ ಹಳೆಯ ಡಿಸ್ಕು ಹೊಸದು ಬಂದ ದಿನವೇ ಮಾಯವಾದರೆ ಕೈಪಿಡಿಯಲ್ಲಿ ಇದನ್ನು ಹುಡುಕಬೇಕು.

ಐರೋಲಿ, ರಬಾಳೆ, ಮಹಾಪೆಗಳ ಮಾರ್ಗವಾಗಿ ಹೋಗುವವರು, ಹಿಂದೆ ರಾಸಾಯನಿಕ ಕಾರ್ಖಾನೆಗಳಿಗೆ ಹೆಸರಾಗಿದ್ದ ಠಾಣೆ–ಬೇಲಾಪುರ ಕೈಗಾರಿಕಾ ಪಟ್ಟಿಯಲ್ಲಿ ಈಗ ಕಿಟಕಿಗಳು ವಿರಳವಾದ ಬೃಹತ್ ದತ್ತಾಂಶ ಕೇಂದ್ರಗಳು ಎದ್ದುನಿಂತಿರುವುದನ್ನು ಕಂಡಿರಬಹುದು. ಹಗಲಿರುಳು ದುಡಿಯುವ ಇಂಥ ಕೇಂದ್ರಗಳ ಸರ್ವರುಗಳಲ್ಲಿ ಸ್ಯಾಸ್ ಎಂಬ, ಸಾಟಾವನ್ನು ಅತ್ಯಂತ ಹೋಲುವ ಸಂಪರ್ಕವು ಬಳಕೆಯಲ್ಲಿದೆ. ಸ್ಯಾಸ್ ನಿಯಂತ್ರಕವು ಸಾಟಾ ಡಿಸ್ಕನ್ನು ಸ್ವೀಕರಿಸುತ್ತದೆ. ಸಾಟಾ ಪೋರ್ಟಾದರೋ ಸ್ಯಾಸ್ ಡಿಸ್ಕನ್ನು ಎಂದಿಗೂ ಸ್ವೀಕರಿಸದು, ಸಾಟಾದಲ್ಲಿ ದತ್ತಾಂಶಕ್ಕೂ ವಿದ್ಯುತ್ತಿಗೂ ನಡುವಣ ಸಂದನ್ನು ಸ್ಯಾಸ್‌ನಲ್ಲಿ ತುಂಬಿಬಿಟ್ಟಿರುವುದರಿಂದ ಕೇಬಲು ಒಳಹೋಗುವುದೇ ಇಲ್ಲ. ಸರ್ವರಿನಿಂದ ನಿವೃತ್ತವಾದ ದೊಡ್ಡ ಡಿಸ್ಕು ಹಳೆಯ ಸಾಮಾನಿನ ಪೇಟೆಯಲ್ಲಿ ಆಶ್ಚರ್ಯಕರವಾದ ಅಗ್ಗಕ್ಕೆ ಕಂಡರೆ ಮೊದಲು ಈ ಸಂದನ್ನು ನೋಡತಕ್ಕದ್ದು. ಸಾಟಾವೇ ಆಗಿದ್ದರೂ ಇನ್ನೊಂದು ತೊಡಕುಂಟು: ಸರ್ವರಿನ ಕೆಲವು ಹೊಸ ಡಿಸ್ಕುಗಳಲ್ಲಿ ವಿದ್ಯುತ್ ಕಿಂಡಿಯ 3ನೆಯ ಪಿನ್ನಿಗೆ 3.3 ವೋಲ್ಟು ಬಂದರೆ ಡಿಸ್ಕು ನಿದ್ರಿಸಬೇಕೆಂಬ ಏರ್ಪಾಡಿದ್ದು, ಮನೆಯ ಗಣಕದ ವಿದ್ಯುತ್ ಪೆಟ್ಟಿಗೆಯು ಅಲ್ಲಿಗೆ ಆ ವೋಲ್ಟನ್ನೇ ಸದಾ ಕೊಡುತ್ತಿದ್ದರೆ ಡಿಸ್ಕು ತಿರುಗುವುದಿಲ್ಲ. ಬಲ್ಲವರು ಆ ಪಿನ್ನಿಗೆ ಶಾಖನಿರೋಧಕ ಟೇಪನ್ನು ಅಂಟಿಸಿ ಕೆಲಸ ಸಾಧಿಸುತ್ತಾರೆ.

ಕಿಂಡಿಯೂ ಭಾಷೆಯೂ ಹೊಂದಿ, ಹಳೆಯ ಡಿಸ್ಕು ತೆರೆದುಕೊಂಡಿತೆನ್ನೋಣ. ಕೂಡಲೇ ಮಾಡಬೇಕಾದುದು ಒಳಗಿನದೆಲ್ಲವನ್ನೂ ಬೇರೆಡೆಗೆ ನಕಲಿಸುವುದು; ಬಹುಕಾಲ ನಿಂತಿದ್ದ ಡಿಸ್ಕು ಎರಡನೆಯ ಸಲ ತಿರುಗೀತೆಂಬ ಭರವಸೆಯಿಲ್ಲ. ಫಾರ್ಮ್ಯಾಟ್ ಮಾಡಬೇಕೇ ಎಂದು ವಿಂಡೋಸು ಕೇಳಿದರೆ ಒಪ್ಪಲೇಬಾರದು. ನಮ್ಮವರಿಗೆ ಇಲ್ಲೊಂದು ವಿಶೇಷವಾದ ಕಷ್ಟವೂ ಎದುರಾಗುತ್ತದೆ. ನುಡಿ, ಬರಹ, ಶ್ರೀಲಿಪಿ ಎಂಬ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಸ್ಮರಣಸಂಚಿಕೆಯ ಲೇಖನವನ್ನು ಇಂದಿನ ಗಣಕದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿಯು ಕಾಣುತ್ತದೆ. ಕಡತವು ಕೆಟ್ಟಿತೆಂದು ಅಳಿಸಿಬಿಡಬೇಡಿ. ಯುನಿಕೋಡಿಗೆ ಮುಂಚಿನ ಆ ಅಕ್ಷರಗಳನ್ನು ಯುನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳಿವೆ. ಯಾವ ಅಕ್ಷರವಿನ್ಯಾಸವೆಂಬುದನ್ನು ಗುರುತಿಸಿ ಅದಕ್ಕೆ ತಕ್ಕ ಪರಿವರ್ತಕವನ್ನು ಬಳಸಿದರೆ ಒತ್ತಕ್ಷರಗಳ ಕೆಲವು ತಪ್ಪುಗಳೊಡನೆ ಲೇಖನವು ಮರಳುತ್ತದೆ.

ನಕಲನ್ನು ಯಾವುದರಲ್ಲಿ ಇರಿಸಬೇಕೆಂಬ ಪ್ರಶ್ನೆಗೆ, ಹೊಸದು, ವೇಗವಾದುದು ಎಂಬ ಕಾರಣದಿಂದ ಎಸ್‌ಎಸ್‌ಡಿಯನ್ನೇ ಆರಿಸುವವರು ಹೆಚ್ಚು. ದಿನನಿತ್ಯದ ಬಳಕೆಗೆ ಅದು ಶ್ರೇಷ್ಠವಾದುದು ನಿಜ. ಆದರೆ ಅದು ನೆನಪಿಡುವುದು ಸೂಕ್ಷ್ಮ ಕೋಶಗಳಲ್ಲಿ ಸೆರೆಹಿಡಿದ ವಿದ್ಯುದಂಶದಿಂದ. ವಿದ್ಯುತ್ ಕಾಣದೆ ಇದ್ದಷ್ಟು ಕಾಲವೂ, ಉಷ್ಣತೆ ಹೆಚ್ಚಿದಷ್ಟೂ, ಅದು ಮೆಲ್ಲಮೆಲ್ಲನೆ ಸೋರುತ್ತದೆ. ಮನೆಬಳಕೆಯ ಎಸ್‌ಎಸ್‌ಡಿಯು ತನ್ನ ಬರೆಯುವ ಆಯುಸ್ಸನ್ನೆಲ್ಲ ಸವೆಸಿದ ಬಳಿಕವೂ 30 ಡಿಗ್ರಿ ಉಷ್ಣತೆಯಲ್ಲಿ ವಿದ್ಯುತ್ತಿಲ್ಲದೆ ಒಂದು ವರ್ಷ ಮಾಹಿತಿಯನ್ನು ಉಳಿಸಿಕೊಂಡಿರಬೇಕೆಂಬುದು ಆ ಉದ್ಯಮದ ಮಾನದಂಡ. ಹೊಸ ಎಸ್‌ಎಸ್‌ಡಿಯು ಇದಕ್ಕಿಂತ ಬಹಳ ಹೆಚ್ಚು ಕಾಲ ತಾಳುತ್ತದಾದರೂ, ಕೊಂಕಣದ ಬೇಸಿಗೆಯಲ್ಲಿ ಕಬ್ಬಿಣದ ಕಪಾಟಿನೊಳಗೆ ಅದನ್ನು ವರ್ಷಗಟ್ಟಲೆ ಮರೆತಿಡುವುದು ಕ್ಷೇಮವಲ್ಲ. ಕಾಂತಶಕ್ತಿಯಿಂದ ಬರೆಯಲ್ಪಟ್ಟ ಹಾರ್ಡ್ ಡಿಸ್ಕಿನ ಬರಹಕ್ಕೆ ಈ ಸೋರಿಕೆಯಿಲ್ಲ. ಆದುದರಿಂದ ನಿತ್ಯದ ಗಣಕದಲ್ಲಿ ಎಸ್‌ಎಸ್‌ಡಿಯಿರಲಿ; ಕಪಾಟಿನಲ್ಲಿಡುವ ಪ್ರತಿಗೆ 2.5 ಅಂಗುಲದ ಸಾಟಾ ಹಾರ್ಡ್ ಡಿಸ್ಕೊಂದನ್ನೂ ಬಿಚ್ಚಬಹುದಾದ ಯುಎಸ್‌ಬಿ ಪೆಟ್ಟಿಗೆಯೊಂದನ್ನೂ ಬೇರೆ ಬೇರೆಯಾಗಿ ಕೊಳ್ಳುವುದು ಲೇಸು. ಸಿದ್ಧವಾಗಿ ದೊರೆಯುವ ಕೆಲವು ಹೊರಡಿಸ್ಕುಗಳಲ್ಲಿ ಯುಎಸ್‌ಬಿ ಕಿಂಡಿಯನ್ನು ಡಿಸ್ಕಿನ ಬೋರ್ಡಿಗೇ ಬೆಸುಗೆ ಹಾಕಿರುವುದರಿಂದ, ಆ ಕಿಂಡಿಯು ಮುರಿದ ದಿನ ಒಳಗೆ ಸಾಟಾ ದೊರೆಯುವುದಿಲ್ಲ.